ವಾರಕ್ಕೆ ಹನ್ನೆರಡು ಗಂಟೆ

ತಿಪಟೂರು ಕಡೆಯ ಒಂದು ಹಳ್ಳಿಯಿಂದ ಅಜ್ಜಿಯೊಬ್ಬರು ಈ ಪುಟಕ್ಕೆ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಹಾಗಾಗಿ ವಿಷಯ ಮಾತ್ರ ಹೇಳುತ್ತೇನೆ.

ಅವರ ಸೊಸೆ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಬಿ.ಎ., ಬಿ.ಇಡಿ. ಆಗಿದೆ. ಕೆಲಸಕ್ಕೆ ಸೇರಿ ಹನ್ನೆರಡು ವರ್ಷ, ವಯಸ್ಸು ಮೂವತ್ತಾರು. ಈಗ ಎಂ.ಎ. ಓದಬೇಕು ಎಂದು ಮನೆಯಲ್ಲಿ ಮಾತೆತ್ತಿದ್ದಾರೆ. ತಾತನಿಗೆ ಅಷ್ಟು ಇಷ್ಟವಿಲ್ಲ. “ಸರ್ಕಾರಿ ಕೆಲಸ ಇದೆ, ಸಂಬಳ ಬರ್ತಿದೆ, ಇನ್ನೂ ಯಾತಕ್ಕೆ ಓದು?” ಎನ್ನುತ್ತಾರಂತೆ. ಅಜ್ಜಿಗೆ ಎರಡು ಮನಸ್ಸು. ಓದಿ ಬಡ್ತಿ ಬಂದು ದೂರದ ಊರಿಗೆ ಹಾಕಿಬಿಟ್ಟರೆ ಮನೆಯ ಗತಿ ಏನು ಎಂಬ ಭಯ ಒಂದು ಕಡೆ. ಇನ್ನೊಂದು ಕಡೆ, ಅವರೇ ಬರೆದಿರುವ ಹಾಗೆ, “ನನ್ನನ್ನು ಏಳನೇ ಕ್ಲಾಸಿಗೆ ಸ್ಕೂಲು ಬಿಡಿಸಿದರು. ಅದಕ್ಕೆ ಬೇಡ ಅನ್ನೋಕೆ ಬಾಯಿ ಬರೋದಿಲ್ಲ.”

ಕಾಗದದ ಕೆಳಗೆ ಬೇರೆ ಬಣ್ಣದ ಪೆನ್ನಿನಲ್ಲಿ ಆರನೇ ಕ್ಲಾಸಿನ ಮೊಮ್ಮಗ ಎರಡು ಪ್ರಶ್ನೆ ಸೇರಿಸಿದ್ದಾನೆ. ಒಂದು: “ಅಮ್ಮ ಟೀಚರ್ ಅಲ್ವಾ? ಎಲ್ಲಾ ಗೊತ್ತಿರುತ್ತಲ್ಲ, ಮತ್ತೆ ಯಾಕೆ ಓದಬೇಕು?” ಎರಡು: “ಅಮ್ಮ ಓದೋಕೆ ಕೂತರೆ ನನಗೆ ಲೆಕ್ಕ ಹೇಳಿಕೊಡೋರು ಯಾರು?”

ಮಕ್ಕಳೇ, ಹಿರಿಯರೇ, ನಿಮ್ಮಲ್ಲಿ ಅನೇಕರ ಮನೆಯಲ್ಲಿ ಟೀಚರ್ ಇರುತ್ತಾರೆ. ಇಲ್ಲದಿದ್ದರೆ ನಿಮ್ಮ ಶಾಲೆಯಲ್ಲಂತೂ ಇದ್ದೇ ಇರುತ್ತಾರೆ. ಅವರಲ್ಲಿ ಯಾರೋ ಒಬ್ಬರು ಈ ಯೋಚನೆಯಲ್ಲಿ ಇರಬಹುದು. ಅದಕ್ಕೆ ಈ ವಾರ ಇದನ್ನೇ ಮಾತಾಡೋಣ.

ಎಲ್ಲಾ ಗೊತ್ತಿರುತ್ತದೆಯೇ?

ಮೊದಲು ಚಿಕ್ಕವನ ಮೊದಲ ಪ್ರಶ್ನೆ. ಇಲ್ಲ ಮರಿ, ಟೀಚರಿಗೆ ಎಲ್ಲಾ ಗೊತ್ತಿರುವುದಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಆದರೆ ತಿಳಿಯದ್ದನ್ನು ಎಲ್ಲಿ ಹುಡುಕಬೇಕು, ಸಿಕ್ಕಿದ್ದನ್ನು ಎಷ್ಟು ನಂಬಬೇಕು ಎಂಬುದು ಗೊತ್ತಿದ್ದರೆ ಅವರ ಪಾಠದ ರುಚಿಯೇ ಬೇರೆ.

ಒಂದು ಉದಾಹರಣೆ ಹೇಳುತ್ತೇನೆ. ನಿಮ್ಮ ಕಡೆ ದೇವಸ್ಥಾನದ ಪಕ್ಕದಲ್ಲೋ, ಕೆರೆ ಏರಿಯ ಮೇಲೋ ವೀರಗಲ್ಲು ನೋಡಿರಬಹುದು. ಸಾಮಾನ್ಯವಾಗಿ ಮೂರು ಅಂಕಣ ಇರುತ್ತದೆ. ಕೆಳಗಿನದರಲ್ಲಿ ವೀರ ಹೋರಾಡುತ್ತಿರುತ್ತಾನೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ದೇವರ ಮುಂದೆ ಕುಳಿತಿರುತ್ತಾನೆ. ಸೂರ್ಯ ಚಂದ್ರರೂ ಇರುತ್ತಾರೆ. ಕೆಲವು ಕಲ್ಲುಗಳ ಮೇಲೆ ಅಕ್ಷರವೂ ಇರುತ್ತದೆ. ಪಠ್ಯಪುಸ್ತಕ ಓದಿದ ಟೀಚರ್ “ಇದು ವೀರಗಲ್ಲು” ಎಂದು ಹೇಳಬಲ್ಲರು. ಇತಿಹಾಸವನ್ನು ಆಳವಾಗಿ ಓದಿದ ಟೀಚರ್ ಇನ್ನೊಂದು ಹೆಜ್ಜೆ ಹೋಗುತ್ತಾರೆ. ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಸಂಪುಟಗಳಿವೆ. ಅವುಗಳಲ್ಲಿ ಹಳೆಯ ಮೈಸೂರು ಸೀಮೆಯ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ್ದಾರೆ. ತುಮಕೂರು ಜಿಲ್ಲೆಯದು ಹನ್ನೆರಡನೆಯ ಸಂಪುಟ. ಅದನ್ನು ಬಿಡಿಸಿ, ತಿಪಟೂರು ತಾಲ್ಲೂಕಿನ ಭಾಗ ತೆಗೆದು, ನಿಮ್ಮ ಊರಿನ ಅಥವಾ ಪಕ್ಕದ ಊರಿನ ಕಲ್ಲಿನ ಮೇಲೆ ಏನು ಬರೆದಿದೆ ಎಂದು ಹುಡುಕಿ, ನಿಮ್ಮನ್ನೆಲ್ಲ ಅಲ್ಲಿಗೇ ಕರೆದುಕೊಂಡು ಹೋಗಿ ತೋರಿಸಬಲ್ಲರು. ದಿನಾ ದಾಟಿಹೋಗುವ ಕಲ್ಲು ಆ ದಿನದಿಂದ ನಿಮ್ಮದಾಗುತ್ತದೆ.

ಇಷ್ಟಕ್ಕೆ ಎಂ.ಎ.ಯೇ ಆಗಬೇಕೇ? ಆಗಬೇಕಾಗಿಲ್ಲ. ಆ ಸಂಪುಟಗಳು ದೊಡ್ಡ ಗ್ರಂಥಾಲಯಗಳಲ್ಲಿವೆ, ಅಂತರ್ಜಾಲದಲ್ಲೂ ಸಿಗುತ್ತವೆ. ಆಸಕ್ತಿ ಇದ್ದವರು ಪದವಿಯ ಹಂಗಿಲ್ಲದೆ ಓದಬಹುದು. ಆದರೆ ಮನೆ, ಶಾಲೆ, ದಾಖಲೆ ತುಂಬುವ ಕೆಲಸ ಎಲ್ಲದರ ನಡುವೆ ತಾನಾಗಿ ಓದುವುದು ಇವತ್ತು ನಾಳೆ ಎಂದು ಮುಂದೆ ಹೋಗುತ್ತಲೇ ಇರುತ್ತದೆ. ಪರೀಕ್ಷೆಯ ದಿನಾಂಕ ಇದ್ದರೆ ಮನುಷ್ಯ ಓದುತ್ತಾನೆ. ಇದು ಆರನೇ ಕ್ಲಾಸಿನವನಿಗೂ ಗೊತ್ತಿರುವ ಸತ್ಯ.

ಯಾಕೆ ಓದಬೇಕು?

ಈಗ ತಾತನ ಪ್ರಶ್ನೆಗೆ ಬರೋಣ. ಅದು ಕೋಪದಿಂದ ಕೇಳಿದ ಪ್ರಶ್ನೆಯಾಗಿದ್ದರೂ ಸರಿಯಾದ ಪ್ರಶ್ನೆ. ಯಾತಕ್ಕೆ ಓದು ಎಂಬುದಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಅರ್ಜಿ ತುಂಬಬೇಕು.

ಹೈಸ್ಕೂಲಿನಲ್ಲಿ ಪಾಠ ಮಾಡಲು ಎಂ.ಎ. ಬೇಕಿಲ್ಲ. ಪದವಿ ಮತ್ತು ಬಿ.ಇಡಿ. ಸಾಕು. ಅದು ಇವರಿಗೆ ಇದೆ. ಪಿ.ಯು. ಕಾಲೇಜಿನ ಉಪನ್ಯಾಸಕರಾಗಬೇಕಾದರೆ ಆ ವಿಷಯದಲ್ಲಿ ಸ್ನಾತಕೋತ್ತರ ಪದವಿ ಬೇಕು, ಜೊತೆಗೆ ಬಿ.ಇಡಿ. ಬೇಕು. ಸಾಮಾನ್ಯ ವರ್ಗದವರಿಗೆ ಎಂ.ಎ.ಯಲ್ಲಿ ಶೇಕಡಾ 55 ಅಂಕ ಕೇಳುತ್ತಾರೆ. ಕೆಲವು ವರ್ಗಗಳಿಗೆ ಸಡಿಲಿಕೆ ಉಂಟು. ಪದವಿ ಕಾಲೇಜಿನ ಕಡೆ ಹೋಗಬೇಕೆಂದರೆ ಎಂ.ಎ. ಮೇಲೆ ನೆಟ್ ಅಥವಾ ಕೆ-ಸೆಟ್ ಪರೀಕ್ಷೆಯನ್ನೂ ದಾಟಬೇಕು. ಬಿ.ಇಡಿ. ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಎಂ.ಇಡಿ. ದಾರಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಎಂ.ಎ. ಪಾಸಾಗಲು ಬೇಕಾದ ಅಂಕ ಬೇರೆ, ಕೆಲಸಕ್ಕೆ ಬೇಕಾದ 55 ಬೇರೆ. “ಹೇಗೋ ಪಾಸಾದರೆ ಸಾಕು” ಎಂದು ಓದಿ, ಶೇಕಡಾ 51 ತೆಗೆದು, ಆಮೇಲೆ ಅರ್ಜಿ ಹಾಕಲಾಗದೆ ಕೈ ಹಿಸುಕಿಕೊಂಡರೆ ಪ್ರಯೋಜನವಿಲ್ಲ. ಪಿ.ಯು. ಕಾಲೇಜಿನ ಕನಸಿದ್ದರೆ ಮೊದಲ ಪತ್ರಿಕೆಯಿಂದಲೇ 60ರ ಮೇಲೆ ಕಣ್ಣಿಟ್ಟು ಓದಬೇಕು.

ಎಂ.ಎ. ಆಯಿತು ಎಂದ ಮಾತ್ರಕ್ಕೆ ಮರುದಿನ ಬಡ್ತಿ ಬರುವುದಿಲ್ಲ. ಹುದ್ದೆ ಖಾಲಿ ಇರಬೇಕು, ಜ್ಯೇಷ್ಠತೆ ಬರಬೇಕು, ಇಲ್ಲವೇ ನೇರ ನೇಮಕಾತಿಗೆ ಕರೆದಾಗ ಪರೀಕ್ಷೆ ಬರೆದು ಗೆಲ್ಲಬೇಕು. ಬಂದರೆ ಬೇರೆ ಊರಿಗೆ ಹೋಗಬೇಕಾದೀತು. ಅಜ್ಜಿಯ ಭಯ ಸುಳ್ಳಲ್ಲ. ಆದರೆ ಅದು ಓದು ಮುಗಿದ ಮೇಲೆ, ಆದೇಶ ಕೈಗೆ ಬಂದ ದಿನ, ಮನೆಯವರೆಲ್ಲ ಕೂತು ತೀರ್ಮಾನಿಸುವ ವಿಷಯ. ಬಂದರೂ ಬರಬಹುದಾದ ವರ್ಗಾವಣೆಗೆ ಹೆದರಿ ಇವತ್ತಿನ ಪುಸ್ತಕ ಮುಚ್ಚಿಸುವುದು ಬೇಡ.

ಸೊಸೆಯ ಉತ್ತರ ಮೂರರಲ್ಲಿ ಒಂದಾಗಿರಬಹುದು. ಪಿ.ಯು. ಕಾಲೇಜಿಗೆ ಹೋಗಬೇಕು ಎಂಬುದು ಒಂದು. ತನ್ನ ವಿಷಯದ ಮೇಲೆ ಹಿಡಿತ ಬರಬೇಕು ಎಂಬುದು ಇನ್ನೊಂದು. “ಜೊತೆಯ ಟೀಚರುಗಳೆಲ್ಲ ಮಾಡಿದ್ದಾರೆ, ನಾನೊಬ್ಬಳೇ ಉಳಿದೆ” ಎಂಬುದು ಮೂರನೆಯದು. ಮೊದಲ ಎರಡಕ್ಕೆ ಎಂ.ಎ. ತಕ್ಕ ಉತ್ತರ. ಮೂರನೆಯದೊಂದೇ ಕಾರಣವಾದರೆ ಒಂದು ವರ್ಷ ತಡೆದು ನೋಡುವುದು ಒಳ್ಳೆಯದು. ಪದವಿ ಇಲ್ಲದೆಯೂ ಮಕ್ಕಳು ಇಪ್ಪತ್ತು ವರ್ಷ ನೆನಪಿಟ್ಟುಕೊಳ್ಳುವ ಟೀಚರುಗಳು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಓದದೆ ಇರುವ ತೀರ್ಮಾನವೂ ಗೌರವದ ತೀರ್ಮಾನವೇ, ಅದನ್ನು ಅವರೇ ಮಾಡಿದ್ದಾದರೆ.

ಈ ವಯಸ್ಸಿನಲ್ಲೇ?

ಮೂವತ್ತಾರು ತಡವಾಯಿತೇ ಎಂದು ಅಜ್ಜಿ ಕೇಳಿದ್ದಾರೆ. ವರಕವಿ ದ.ರಾ. ಬೇಂದ್ರೆಯವರ ಹೆಸರು ಮಕ್ಕಳಿಗೂ ಗೊತ್ತು. ಅವರು ಹುಟ್ಟಿದ್ದು 1896ರಲ್ಲಿ. ಬಿ.ಎ. ಆದದ್ದು 1918ರಲ್ಲಿ. ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾದರು. ಮದುವೆ, ಮಕ್ಕಳು, ಬಡತನ, ಕವಿತೆ ಎಲ್ಲವೂ ಇತ್ತು. ‘ನರಬಲಿ’ ಎಂಬ ಕವಿತೆಗಾಗಿ ಬ್ರಿಟಿಷ್ ಸರ್ಕಾರ ಜೈಲಿಗೂ ಹಾಕಿತು. ಅವರು ಎಂ.ಎ. ಪಡೆದದ್ದು 1935ರಲ್ಲಿ. ಮಕ್ಕಳೇ, ಕಳೆದು ನೋಡಿ: ಬಿ.ಎ. ಆಗಿ ಹದಿನೇಳು ವರ್ಷದ ಮೇಲೆ, ವಯಸ್ಸು ಮೂವತ್ತೊಂಬತ್ತಾಗಿದ್ದಾಗ. ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾದದ್ದು 1944ರಲ್ಲಿ, ಅಂದರೆ ಮತ್ತೂ ಒಂಬತ್ತು ವರ್ಷದ ನಂತರ.

ಎಲ್ಲರೂ ಬೇಂದ್ರೆ ಆಗುತ್ತಾರೆಂದು ಹೇಳುತ್ತಿಲ್ಲ. ಮಾಸ್ತರಿಕೆ ಮಾಡುತ್ತಾ, ಸಂಸಾರ ನಡೆಸುತ್ತಾ, ನಲವತ್ತರ ಹತ್ತಿರ ಎಂ.ಎ. ಮಾಡುವುದು ನಮ್ಮ ನಾಡಿಗೆ ಹೊಸದೂ ಅಲ್ಲ, ನಾಚಿಕೆಯದೂ ಅಲ್ಲ ಎಂದಷ್ಟೇ. ಪದವಿಯ ಫಲ ಕೈಗೆ ಬರಲು ಕಾಯಬೇಕಾಗಬಹುದು ಎಂಬುದನ್ನೂ ಅವರ ಬದುಕೇ ಹೇಳುತ್ತದೆ.

ಯಾವ ದಾರಿ?

ಎಂ.ಇಡಿ. ಆದರೆ ಎರಡು ವರ್ಷ ಕಾಲೇಜಿಗೆ ಹೋಗಿಯೇ ಓದಬೇಕು. ಮೊದಲು ಒಂದು ವರ್ಷದ್ದಿತ್ತು, 2015ರಿಂದ ಎರಡು ವರ್ಷವಾಗಿದೆ. ಅಷ್ಟು ದಿನ ರಜೆ ಸಿಗುವುದು, ಸಂಸಾರ ತೂಗುವುದು ಎಲ್ಲರಿಗೂ ಆಗುವ ಮಾತಲ್ಲ. ಇವರು ಪಾಠ ಮಾಡುವುದು ಸಮಾಜ ವಿಜ್ಞಾನ. ಹೀಗಾಗಿ ಇತಿಹಾಸದಲ್ಲಿ ಎಂ.ಎ., ಅದನ್ನೂ ಕೆಲಸದಲ್ಲಿದ್ದುಕೊಂಡೇ ದೂರಶಿಕ್ಷಣದಲ್ಲಿ ಮಾಡುವುದು ಹೊಂದುವ ದಾರಿ. ಓದಿದ್ದು ನಾಳೆಯೇ ತರಗತಿಗೆ ಉಪಯೋಗಕ್ಕೆ ಬರುತ್ತದೆ.

ಕರ್ನಾಟಕದವರಿಗೆ ಎರಡು ಬಾಗಿಲು ಹತ್ತಿರ. ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಒಂದು. ಅದು 1996ರಲ್ಲಿ ಆರಂಭವಾಯಿತು. ಅದಕ್ಕೂ ಮೊದಲು ಮೈಸೂರು ವಿಶ್ವವಿದ್ಯಾಲಯದಲ್ಲಿ ಅಂಚೆ ಮೂಲಕ ಪಾಠ ಕಳಿಸುವ ವಿಭಾಗವಿತ್ತು. ನಿಮ್ಮಲ್ಲಿ ಕೆಲವು ತಾತಂದಿರು ಅದರಲ್ಲೇ ಓದಿ ಪದವಿ ಪಡೆದಿರಬಹುದು, ಕೇಳಿ ನೋಡಿ. ಇನ್ನೊಂದು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಎಲ್ಲರೂ ‘ಇಗ್ನೊ’ ಎನ್ನುವುದು. ಅದು 1985ರದು. ಕನ್ನಡದಲ್ಲೇ ಓದಿ ಬರೆಯುವವರಿಗೆ ಮೈಸೂರಿನದು ಅನುಕೂಲ. ಇಗ್ನೊದಲ್ಲಿ ಹೆಚ್ಚಿನ ಎಂ.ಎ.ಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿವೆ. ಅದರ ಪರೀಕ್ಷೆಗಳು ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರಿನಲ್ಲಿ ನಡೆಯುತ್ತವೆ. ಎರಡು ವರ್ಷದ ಎಂ.ಎ.ಯನ್ನು ನಾಲ್ಕು ವರ್ಷದವರೆಗೆ ಹಿಗ್ಗಿಸಿಕೊಂಡು ಮುಗಿಸಬಹುದು. ಮಕ್ಕಳಿಗೆ ಖುಷಿಯಾಗುವ ಇನ್ನೊಂದು ಸಂಗತಿ: ಅಲ್ಲಿ ಟೀಚರುಗಳಿಗೂ ಹೋಂವರ್ಕ್ ಇದೆ. ಕೈಯಲ್ಲೇ ಬರೆದು ಒಪ್ಪಿಸಬೇಕು, ಅದಕ್ಕೆ ಅಂಕವೂ ಇದೆ.

ದೂರಶಿಕ್ಷಣದ ಪದವಿಗೆ ಬೆಲೆ ಇದೆಯೇ ಎಂದು ತಾತ ಕೇಳಬಹುದು. ಮಾನ್ಯತೆ ಇರುವ ಸಂಸ್ಥೆಯ ದೂರಶಿಕ್ಷಣ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ ಎಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಈ ವಾಕ್ಯದಲ್ಲಿ ತೂಕದ ಮಾತು ‘ಮಾನ್ಯತೆ ಇರುವ’ ಎಂಬುದು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೇ 2013-14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ. 2018ರಲ್ಲಿ ಮತ್ತೆ ಸಿಕ್ಕಿತು. ನಡುವಿನ ವರ್ಷಗಳಲ್ಲಿ ಸೇರಿದ ಸಾವಿರಾರು ಜನ ಪದವಿ ಕೈಯಲ್ಲಿ ಹಿಡಿದು ಕಂಗಾಲಾದರು. ಹಾಗಾಗಿ ಯಾವ ವಿಶ್ವವಿದ್ಯಾಲಯವೇ ಆಗಲಿ, ಸೇರುವ ಆ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ಪಟ್ಟಿಯಲ್ಲೇ ನೋಡಿ ಖಚಿತ ಮಾಡಿಕೊಳ್ಳಬೇಕು. ಹೆಸರು ದೊಡ್ಡದು ಎಂಬುದು ಸಾಲದು.

ಇನ್ನೊಂದು ಎಚ್ಚರಿಕೆ. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಕೂತು, ಯಾವುದೋ ದೂರದ ರಾಜ್ಯದ ವಿಶ್ವವಿದ್ಯಾಲಯದ ಹೆಸರು ಹೇಳಿ, “ನೀವು ಬರೋದೇ ಬೇಡ ಮೇಡಂ, ಸರ್ಟಿಫಿಕೇಟು ಮನೆಗೆ ಬರುತ್ತೆ” ಎನ್ನುವವರಿರುತ್ತಾರೆ. ರಾಜ್ಯದ ಮುಕ್ತ ವಿಶ್ವವಿದ್ಯಾಲಯಗಳು ತಮ್ಮ ರಾಜ್ಯದ ಹೊರಗೆ ಹೀಗೆ ಕೇಂದ್ರ ನಡೆಸುವಂತಿಲ್ಲ. ಖಾಸಗಿಯವರಿಗೆ ಕೇಂದ್ರವನ್ನು ಗುತ್ತಿಗೆ ಕೊಡುವಂತೆಯೂ ಇಲ್ಲ. ಶುಲ್ಕ ಎಷ್ಟು ಎಂಬುದನ್ನು ವಿಶ್ವವಿದ್ಯಾಲಯದ ಪ್ರಕಟಣೆಯಲ್ಲೇ ಓದಿಕೊಂಡು, ವಿಶ್ವವಿದ್ಯಾಲಯಕ್ಕೇ ಕಟ್ಟಬೇಕು. ನಡುವಿನವರ ಕೈಗೆ ಒಂದು ರೂಪಾಯಿಯೂ ಬೇಡ.

ಸರ್ಕಾರಿ ಟೀಚರ್ ಆದ್ದರಿಂದ ಇನ್ನೂ ಒಂದು ಕ್ರಮವಿದೆ. ಸೇರುವ ಮೊದಲೇ ಇಲಾಖೆಯ ಅನುಮತಿ ಬರಹದಲ್ಲಿ ಪಡೆಯಬೇಕು. ಮುಖ್ಯೋಪಾಧ್ಯಾಯರ ಮೂಲಕ ಅರ್ಜಿ ಹೋಗಬೇಕು. ಬಾಯಿಮಾತಿನಲ್ಲಿ “ಓದಿಕೊಳ್ಳಿ ಮೇಡಂ” ಎಂದದ್ದು ಮುಂದೆ ಲೆಕ್ಕಕ್ಕೆ ಬರುವುದಿಲ್ಲ. ಪದವಿ ಬಂದ ಮೇಲೆ ಅದನ್ನು ಸೇವಾ ಪುಸ್ತಕದಲ್ಲಿ ಬರೆಸುವುದನ್ನೂ ಮರೆಯಬಾರದು.

ಗಂಟೆಯ ಲೆಕ್ಕ

ಈಗ ಚಿಕ್ಕವನ ಎರಡನೆಯ ಪ್ರಶ್ನೆ. ಈ ಓದಿನಲ್ಲಿ ಅತಿ ಕಷ್ಟದ ಪ್ರಶ್ನೆ ಇದೇ. ಪೆನ್ಸಿಲು ತಗೋ ಮರಿ, ಇಬ್ಬರೂ ಕೂತು ಲೆಕ್ಕ ಮಾಡೋಣ.

ಇಗ್ನೊದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. 80 ಕ್ರೆಡಿಟ್‌ನ ಎಂ.ಎ. ಎಂದಿಟ್ಟುಕೊಂಡರೆ 2,400 ಗಂಟೆ. ಎರಡು ವರ್ಷಕ್ಕೆ 104 ವಾರ. ಭಾಗಿಸಿದರೆ ವಾರಕ್ಕೆ ಸುಮಾರು 23 ಗಂಟೆ. ನಾಲ್ಕು ವರ್ಷ ತೆಗೆದುಕೊಂಡರೆ ವಾರಕ್ಕೆ ಸುಮಾರು 12 ಗಂಟೆ.

ವಾರಕ್ಕೆ ಇರುವುದು 168 ಗಂಟೆ. ಅಮ್ಮನ ವಾರ ಹೇಗೆ ಖರ್ಚಾಗುತ್ತದೆ ನೋಡು. ದಿನಕ್ಕೆ ಏಳು ಗಂಟೆ ನಿದ್ದೆ, 49. ಶಾಲೆ ಮತ್ತು ಬಸ್ಸಿನ ಓಡಾಟ ಐದು ದಿನ ಒಂಬತ್ತು ಗಂಟೆಯಂತೆ 45, ಶನಿವಾರ ಐದು, ಒಟ್ಟು 50. ಅಡಿಗೆ, ಪಾತ್ರೆ, ಬಟ್ಟೆ, ಕಸ ದಿನಕ್ಕೆ ನಾಲ್ಕು ಗಂಟೆ, 28. ಸ್ನಾನ, ಪೂಜೆ, ಊಟ ದಿನಕ್ಕೆ ಎರಡು ಗಂಟೆ, 14. ಮನೆಗೆ ತರುವ ನೋಟ್‌ಬುಕ್ ತಿದ್ದುವುದು, ಪಾಠದ ತಯಾರಿ ದಿನಕ್ಕೆ ಒಂದು ಗಂಟೆ, 7. ನಿನ್ನ ಲೆಕ್ಕ, ನಿನ್ನ ಮಾತು, ದಿನಕ್ಕೆ ಒಂದು ಗಂಟೆ, 7. ಸಂತೆ, ನೆಂಟರು, ಆಸ್ಪತ್ರೆ, ಮದುವೆ ಮನೆ ವಾರಕ್ಕೆ ನಾಲ್ಕು. ಎಲ್ಲ ಕೂಡಿಸು: 159. ಉಳಿದದ್ದು 9 ಗಂಟೆ.

ಎರಡು ವರ್ಷದಲ್ಲಿ ಮುಗಿಸುತ್ತೇನೆಂದರೆ ವಾರಕ್ಕೆ 14 ಗಂಟೆ ಸಾಲ ತರಬೇಕು. ಆ ಸಾಲ ನಿದ್ದೆಯಿಂದ ಬರುತ್ತದೆ, ಇಲ್ಲವೇ ನಿನ್ನಿಂದ ಬರುತ್ತದೆ. ನಿದ್ದೆಗೆಟ್ಟ ಟೀಚರ್ ಮರುದಿನ ತರಗತಿಯಲ್ಲಿ ಸಿಡುಕುತ್ತಾರೆ. ಆಗ ಎಂ.ಎ.ಯ ಶುಲ್ಕವನ್ನು ಹತ್ತನೇ ಕ್ಲಾಸಿನ ಮಕ್ಕಳು ಕಟ್ಟಿದ ಹಾಗೆ. ನಾಲ್ಕು ವರ್ಷದ ದಾರಿಯಲ್ಲಿ ಕೊರತೆ ವಾರಕ್ಕೆ ಮೂರೇ ಗಂಟೆ. ಮೂರು ಗಂಟೆಯನ್ನು ಒಂದು ಮನೆ ಹೊಂದಿಸಿಕೊಳ್ಳಬಲ್ಲದು. ಆದ್ದರಿಂದ ನನ್ನ ಸಲಹೆ ನಾಲ್ಕು ವರ್ಷದ್ದು. ಬೇಸಿಗೆ ರಜೆ, ದಸರಾ ರಜೆಯಲ್ಲಿ ಸ್ವಲ್ಪ ಹೆಚ್ಚು ಓದಿಕೊಂಡರೆ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಿಂಗಳುಗಳಲ್ಲಿ ಪುಸ್ತಕಕ್ಕೆ ಸ್ವಲ್ಪ ಬಿಡುವು ಕೊಡಬಹುದು. ಮೂರು ವರ್ಷಕ್ಕೇ ಮುಗಿದರೆ ಲಾಭ. ಬೇರೆ ವಿಶ್ವವಿದ್ಯಾಲಯಕ್ಕೆ ಸೇರುವುದಾದರೆ ಎಷ್ಟು ವರ್ಷದವರೆಗೆ ಹಿಗ್ಗಿಸಬಹುದು ಎಂದು ಮೊದಲೇ ಕೇಳಿಕೊಳ್ಳಬೇಕು.

ಆ ಮೂರು ಗಂಟೆ ಎಲ್ಲಿಂದ? ತಾತ ವಾರದ ಸಂತೆಯ ಚೀಲ ಹಿಡಿದರೆ ಒಂದು ಗಂಟೆ. ಒಣಗಿದ ಬಟ್ಟೆ ಮಡಿಸುವುದು, ಊಟಕ್ಕೆ ತಟ್ಟೆ ಹಾಕುವುದು, ಆದ ಮೇಲೆ ಎತ್ತುವುದು ನಿನ್ನದಾದರೆ ಇನ್ನೊಂದು ಗಂಟೆ. ಮೂರನೆಯದು? ಅಜ್ಜಿಯವರೇ, ನಿಮ್ಮ ಕಾಗದ ಎರಡು ಸಲ ಓದಿದೆ. ಅದರಲ್ಲಿ ನೀವಿದ್ದೀರಿ, ತಾತ ಇದ್ದಾರೆ, ಸೊಸೆ, ಮೊಮ್ಮಗ ಇದ್ದಾರೆ. ನಿಮ್ಮ ಮಗನ ಮಾತೇ ಇಲ್ಲ. ಅಡಿಗೆ ಮನೆಯ 28 ಗಂಟೆಯಲ್ಲಿ ಅವರ ಪಾಲೆಷ್ಟು ಎಂದು ನಾನು ಕೇಳುವುದಿಲ್ಲ, ನೀವು ಕೇಳಿ. ಹೆತ್ತ ತಾಯಿ ಕೇಳಿದರೆ ಅದಕ್ಕೆ ಬೇರೆ ತೂಕ. ವಾರಕ್ಕೆ ಎರಡು ರಾತ್ರಿ ಅವರು ಒಲೆಯ ಮುಂದೆ ನಿಂತರೆ ಮೂರನೆಯ ಗಂಟೆ ಸಿಕ್ಕಿಹೋಯಿತು. ಅನ್ನ, ಸಾರು ಬಂದರೆ ಸಾಕು. ಮೊದಲ ತಿಂಗಳು ಉಪ್ಪು ಹೆಚ್ಚು ಕಡಿಮೆಯಾದರೆ ಯಾರೂ ಮುಖ ಸಿಂಡರಿಸಬೇಡಿ.

ಗಮನಿಸು ಮರಿ, ನಿನ್ನ ಏಳು ಗಂಟೆಯನ್ನು ನಾನು ಮುಟ್ಟಲಿಲ್ಲ. ಅಮ್ಮ ನಿನಗೆ ಲೆಕ್ಕ ಹೇಳಿಕೊಡುವುದು ನಿಲ್ಲಬೇಕಾಗಿಲ್ಲ. ಆ ಗಂಟೆ ಮುಗಿದ ಮೇಲೆ ಅಮ್ಮ ಪುಸ್ತಕ ತೆಗೆದರೆ ನೀನೂ ಎದುರಿಗೆ ನಿನ್ನ ಪುಸ್ತಕ ತೆಗೆದು ಕೂರು. ಪಕ್ಕದಲ್ಲಿ ಟಿ.ವಿ. ಗದ್ದಲ ಇಲ್ಲದಂತೆ ನೋಡಿಕೊಳ್ಳುವ ಕೆಲಸ ಅಜ್ಜಿಗೆ ಬಿಡೋಣ. ಧಾರಾವಾಹಿಯ ಶಬ್ದ ಕಡಿಮೆ ಮಾಡುವುದು ದೊಡ್ಡ ತ್ಯಾಗವೆಂದು ಗೊತ್ತು, ಆದರೂ ಕೇಳುತ್ತಿದ್ದೇನೆ.

ಸೇರುವ ಮುನ್ನ ಮೂರು ತಿಂಗಳು

ಸೊಸೆಯವರಿಗೆ ಒಂದು ಮಾತು. ಹಣ ಕಟ್ಟುವ ಮೊದಲು ಮೂರು ತಿಂಗಳು ಸೇರಿದವರ ಹಾಗೆಯೇ ಬದುಕಿ ನೋಡಿ. ಮೊದಲೇ ಓದಿದ ಗೆಳತಿಯಿಂದ ಒಂದು ಪತ್ರಿಕೆಯ ಪುಸ್ತಕ ಎರವಲು ತನ್ನಿ. ಇಲ್ಲವೇ ಕೇಂದ್ರ ಸರ್ಕಾರದ ‘ಸ್ವಯಂ’ ತಾಣದಲ್ಲಿ ಉಚಿತವಾಗಿ ಸಿಗುವ ಒಂದು ಇತಿಹಾಸದ ಕೋರ್ಸು ಕೇಳಿ. ವಾರಕ್ಕೆ ಹನ್ನೆರಡು ಗಂಟೆ ಕೂತಿರಾ, ಮನೆಯವರು ಒಪ್ಪಿಕೊಂಡ ಮೂರು ಗಂಟೆ ಕೊಟ್ಟರಾ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಳೆಯ ಪ್ರಶ್ನೆಪತ್ರಿಕೆ ತೆಗೆದು, ಒಂದು ಭಾನುವಾರ ಬಾಗಿಲು ಹಾಕಿಕೊಂಡು ಮೂರು ಗಂಟೆ ಬರೆಯಿರಿ. ಹನ್ನೆರಡು ವರ್ಷ ಬೇರೆಯವರ ಉತ್ತರ ತಿದ್ದಿದ ಕೈಗೆ ತಾನೇ ಉತ್ತರ ಬರೆಯುವುದು ಮೊದಲು ಕಷ್ಟವೆನಿಸಬಹುದು. ಅದು ಹೋಗುತ್ತದೆ.

ಮೂರು ತಿಂಗಳಲ್ಲಿ ಅರ್ಧದಷ್ಟೂ ಆಗಲಿಲ್ಲವೆಂದರೆ ಈ ವರ್ಷ ಬೇಡ. ಮಗ ಹೈಸ್ಕೂಲಿಗೆ ಬಂದ ಮೇಲೆ ಮತ್ತೆ ನೋಡಬಹುದು. ಮುಕ್ತ ವಿಶ್ವವಿದ್ಯಾಲಯದ ಬಾಗಿಲಿಗೆ ವಯಸ್ಸಿನ ಚಿಲಕವಿಲ್ಲ. ಆಯಿತು ಎಂದರೆ ಅನುಮತಿಯ ಅರ್ಜಿ ಬರೆಯಿರಿ, ಮಾನ್ಯತೆಯ ಪಟ್ಟಿ ನೋಡಿ, ಸೇರಿ.

ಅಜ್ಜಿಯವರೇ, ಏಳನೇ ಕ್ಲಾಸಿಗೆ ನಿಮ್ಮನ್ನು ಬಿಡಿಸಿದಾಗ ನಿಮ್ಮ ಗಂಟೆಗಳನ್ನು ಯಾರೂ ಹೀಗೆ ಕೂತು ಲೆಕ್ಕ ಹಾಕಲಿಲ್ಲ. ನೀರು, ಸಗಣಿ, ತಮ್ಮ ತಂಗಿಯರು ಎಲ್ಲಕ್ಕೂ ನಿಮ್ಮ ಗಂಟೆಗಳೇ ಹೋದವು. ಸೊಸೆಯ ವಿಷಯದಲ್ಲಿ ಲೆಕ್ಕ ಹಾಕುವ ಅಧಿಕಾರ ಈಗ ನಿಮ್ಮ ಕೈಯಲ್ಲಿದೆ. “ಓದು” ಎಂದು ಬಾಯಲ್ಲಿ ಹೇಳುವುದು ಸುಲಭ. ಹೇಳಿ ಮೂರು ಗಂಟೆ ಕೊಡದಿದ್ದರೆ ಅದು ಹೇಳದಿದ್ದ ಹಾಗೆಯೇ.

ಈ ವಾರದ ಕೆಲಸ

ಮಕ್ಕಳಿಗೆ: ನಿಮ್ಮ ಮನೆಯ ದೊಡ್ಡವರಲ್ಲಿ ಯಾರಾದರೂ ಒಬ್ಬರನ್ನು ಆರಿಸಿಕೊಳ್ಳಿ. ಅವರ 168 ಗಂಟೆ ಹೇಗೆ ಖರ್ಚಾಗುತ್ತದೆ ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ. ಕೊನೆಗೆ ಅವರದೇ ಆಗಿ ಎಷ್ಟು ಗಂಟೆ ಉಳಿಯುತ್ತದೆ ನೋಡಿ.

ಅಜ್ಜಿ ತಾತಂದಿರಿಗೆ: ಮೊಮ್ಮಕ್ಕಳು ಆ ಪಟ್ಟಿ ತಂದಾಗ, ಅದರಲ್ಲಿ ಒಂದು ಗಂಟೆಯನ್ನು ನೀವು ತೆಗೆದುಕೊಳ್ಳಬಹುದೇ ಎಂದು ನೋಡಿ. ಯಾವುದನ್ನು ತೆಗೆದುಕೊಂಡಿರಿ ಎಂದು ನಮಗೆ ಒಂದು ಕಾರ್ಡು ಬರೆಯಿರಿ.